ಮಗಳ ಮನೆಗೆ ಹತ್ತು ನಿಮಿಷದ ದಾರಿ

ಆ ದ್ವೀಪದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಳಿಯನ ಕೆಲಸ ಇನ್ನೂ ಅಲ್ಲೇ ಇದೆ. ನನ್ನ ಬಾಯಿಂದ ಅವನಿಗೆ ತೊಂದರೆಯಾಗುವುದು ಬೇಡ. ಬಂಗಾಳ ಕೊಲ್ಲಿಯ ಆಚೆ, ವಿಮಾನ ಬಿಟ್ಟರೆ ಹಡಗು, ಹಡಗು ಬಿಟ್ಟರೆ ಬೇರೆ ದಾರಿಯಿಲ್ಲ ಎನ್ನುವಂಥ ಜಾಗ ಎಂದು ತಿಳಿದುಕೊಂಡರೆ ಸಾಕು. ಕೊರೋನಾದ ಎರಡನೇ ಅಲೆ ಇಳಿದ ಮೇಲೆ ನಾನು ಅಲ್ಲಿಗೆ ಹೋದೆ. ಹೋದೆ ಎನ್ನುವುದಕ್ಕಿಂತ ಅದರ ಬಾಗಿಲಲ್ಲಿ ಏಳು ದಿನ ಕೂತಿದ್ದೆ ಎನ್ನುವುದೇ ಸರಿ.

ಮಗಳಿಗೆ ಅದು ಚೊಚ್ಚಲು. ನಮ್ಮ ಕಡೆ ಮೊದಲ ಹೆರಿಗೆ ತವರಿನಲ್ಲೇ ಆಗಬೇಕು. ಏಳನೇ ತಿಂಗಳಿಗೆ ಕರೆದುಕೊಂಡು ಬರುವುದೆಂದು ಮಾತಾಗಿತ್ತು. ಅಷ್ಟರಲ್ಲಿ ವಿಮಾನಗಳು ನಿಂತವು. ಮತ್ತೆ ಶುರುವಾಗುವ ಹೊತ್ತಿಗೆ ಅವಳಿಗೆ ತಿಂಗಳು ತುಂಬುತ್ತಾ ಬಂದಿತ್ತು, ಈಗ ಹಾರುವ ಹಾಗಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಅಳಿಯನಿಗೆ ತಾಯಿಯಿಲ್ಲ. ಅವನು ಉಳವಿಯ ಹುಡುಗ, ಬಂದರಿನಲ್ಲಿ ಇಂಜಿನ್ ರಿಪೇರಿಯ ಕೆಲಸ. ಅರ್ಧ ತಿಂಗಳು ಬೇರೆ ಬೇರೆ ದ್ವೀಪಗಳಲ್ಲಿರುತ್ತಾನೆ. ಮಗಳು ದಿನಕ್ಕೆ ಎರಡು ಸಲ ಫೋನು ಮಾಡಿ ಒಂದೇ ಮಾತು ಕೇಳುತ್ತಿದ್ದಳು: "ಅವ್ವ, ನೋವು ಬರೋದ್ರೊಳಗೆ ಬಂದ್ಬಿಡ್ತೀಯಲ್ಲ?"

"ಬಂದೇ ಬರ್ತೀನಿ" ಎಂದು ನಾನು ಅಷ್ಟೇ ಸಲ ಹೇಳಿದ್ದೆ.

ಶಿಕಾರಿಪುರದಲ್ಲಿ ನಮ್ಮದು ಪಾತ್ರೆ ಅಂಗಡಿ. ಇವತ್ತು ಎರಡು ಬಾಗಿಲಿನ ಅಂಗಡಿ, ಮೇಲೆ ಮನೆ. ಶುರುವಾದದ್ದು ನನ್ನ ತಲೆಯ ಮೇಲಿನ ಒಂದು ಬುಟ್ಟಿಯಿಂದ. ತವರೂರು ಕುಪ್ಪಗಡ್ಡೆಯ ಸುತ್ತಮುತ್ತ ನನಗೆ ಮುಖ ಪರಿಚಯ ಇತ್ತಲ್ಲ, ಹಾಗಾಗಿ ಸೊರಬದ ಬಸ್ಸು ಹತ್ತಿ ಹಳ್ಳಿ ಹಳ್ಳಿ ತಿರುಗುತ್ತಿದ್ದೆ. ಹಳೇ ಹಿತ್ತಾಳೆ, ತಾಮ್ರ ತೆಗೆದುಕೊಂಡು ಹೊಸ ಸ್ಟೀಲು ಕೊಡುವುದು. ಜಗಲಿ ಜಗಲಿಯ ಮೇಲೆ ಕೂತು ನಾನು ಕಲಿತ ವಿದ್ಯೆ ಒಂದೇ, ಎದ್ದು ಹೋಗುವುದು. ನಮ್ಮ ಬೆಲೆ ಹೇಳಬೇಕು, ಅವರು ಒಪ್ಪದಿದ್ದರೆ ಮುಖದಲ್ಲಿ ಬೇಜಾರು ತೋರಿಸದೆ ಬುಟ್ಟಿ ಎತ್ತಬೇಕು, ಹಿಂದೆ ತಿರುಗಿ ನೋಡದೆ ನಡೆಯಬೇಕು. ಬೇಲಿಯ ಗೇಟು ಮುಟ್ಟುವುದರೊಳಗೆ "ಏ ಮಾರಾಯ್ತಿ, ಬಾರೇ ಇಲ್ಲಿ, ಸಿಟ್ಟು ಯಾಕೆ?" ಎಂದು ಕರೆಯುತ್ತಾರೆ. ಹುಬ್ಬಳ್ಳಿಯ ಹೋಲ್‌ಸೇಲ್ ಅಂಗಡಿಯಲ್ಲೂ ಅಷ್ಟೇ, ಮೆಟ್ಟಿಲು ಇಳಿಯುವುದರೊಳಗೆ ಕರೆ ಬರುತ್ತದೆ. ವ್ಯಾಪಾರಕ್ಕೆ ಇಳಿಯುವ ಹೆಣ್ಣುಮಕ್ಕಳಿಗೆ ನಾನು ಇಂದಿಗೂ ಹೇಳಿಕೊಡುವುದು ಇದನ್ನೇ. ಎಲ್ಲಿ ಇದನ್ನು ಮಾಡಬಾರದು ಎನ್ನುವುದನ್ನು ಈಗ ಜೊತೆಗೆ ಸೇರಿಸಿ ಹೇಳುತ್ತೇನೆ.

ದ್ವೀಪಕ್ಕೆ ಹೋಗಲು ಆರ್‌ಟಿ-ಪಿಸಿಆರ್ ನೆಗೆಟಿವ್ ಬೇಕು, ಅದು ನಲವತ್ತೆಂಟು ಗಂಟೆಯೊಳಗಿನದಾಗಿರಬೇಕು ಎಂದು ಅಳಿಯ ವಾಟ್ಸಾಪಿನಲ್ಲಿ ಕಳಿಸಿದ್ದ. ನಾನು ಸರಿಯಾಗಿಯೇ ಲೆಕ್ಕ ಹಾಕಿದ್ದೆ. ಶನಿವಾರ ಮಧ್ಯಾಹ್ನ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳುವುದು. ಭಾನುವಾರ ರಿಪೋರ್ಟು ಫೋನಿಗೆ ಬರುತ್ತದೆ, ಅವತ್ತೇ ಕಾರಿನಲ್ಲಿ ಬೆಂಗಳೂರಿಗೆ, ಸೋಮವಾರ ಬೆಳಿಗ್ಗೆ ವಿಮಾನ. ಮಧ್ಯಾಹ್ನದೊಳಗೆ ಮಗಳ ಮನೆ. ಅಂಟಿನುಂಡೆ ಕಟ್ಟಿಯಾಗಿತ್ತು. ಬಾಣಂತಿ ಖಾರ ಕುಟ್ಟಿಸಿಯಾಗಿತ್ತು. ಕುಪ್ಪಗಡ್ಡೆಯಿಂದ ತುಪ್ಪ ತರಿಸಿದ್ದೆ. ಮಗುವಿಗೆ ಬಜೆ, ಅಳಲೆಕಾಯಿ, ಹಳೇ ಪಂಚೆ ಹರಿದು ಮಾಡಿದ ಬಟ್ಟೆ, ಎಲ್ಲವೂ ಒಂದು ಚೀಲದಲ್ಲಿ ಸಿದ್ಧವಾಗಿದ್ದವು.

ಮೂಗಿಗೆ ಕಡ್ಡಿ ಹಾಕಿಸಿಕೊಂಡು ಬಂದ ಸಂಜೆ ಅತ್ತೆ ಕ್ಯಾಲೆಂಡರಿನ ಮುಂದೆ ನಿಂತರು. ಭಾನುವಾರ ಅಮಾವಾಸ್ಯೆ.

"ಅಮಾಸಿ ದಿನ ಬಾಣಂತಿ ಸಾಮಾನು ಹೊಸ್ಲು ದಾಟ್ಸಬಾರ್ದು ಕಣವ್ವ."

"ಅತ್ತೀ, ವಿಮಾನ ಅಮಾಸಿ ನೋಡ್ತತೇನ್ರಿ?"

"ವಿಮಾನ ನೋಡಲ್ಲ. ಕೂಸಿಗೆ ಏನಾರ ಆದ್ರೆ ಅದನ್ನ ಯಾರು ನೋಡ್ತಾರ? ಎಂಟು ಹೆತ್ತು ಐದು ಉಳಿಸ್ಕಂಡಾಕಿ ನಾನು. ನೀ ಪಾತ್ರಿ ಮಾರಾಕಿ, ಪಾತ್ರಿ ವಿಷಯ ಮಾತಾಡು."

ನನಗೆ ಅಮಾವಾಸ್ಯೆಯ ಮೇಲೆ ಅಂಥ ನಂಬಿಕೆಯೇನಿಲ್ಲ. ಅಮಾವಾಸ್ಯೆಯ ದಿನವೂ ಅಂಗಡಿ ತೆಗೆಯುತ್ತೇನೆ. ಆದರೆ ಎಂಟರಲ್ಲಿ ಮೂರು ಕಳೆದುಕೊಂಡವರ ಮುಂದೆ ಏನು ವಾದ ಮಾಡುವುದು? ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಜೀವಮಾನವಿಡೀ ಆ ಮಾತು ನನ್ನ ಮೇಲಿರುತ್ತದೆ. ಹಾಗಾಗಿ ಅಲ್ಲೂ ಚೌಕಾಸಿಗೆ ಇಳಿದೆ. "ಪಾಡ್ಯದ ದಿನ ಬೆಳಗ್ಗೆ ಹೊಂಡ್ತೀನಿ. ಆದ್ರ ನೀವು ರಾಹುಕಾಲ, ಗುಳಿಕಕಾಲ ಅಂತ ಮತ್ತೆ ತೆಗಿಯಂಗಿಲ್ಲ" ಎಂದೆ. "ಆತು ಬಿಡು" ಎಂದರು. ಅರ್ಧ ನಾನು ಬಿಟ್ಟೆ, ಅರ್ಧ ಅವರು ಬಿಟ್ಟರು. ಒಳ್ಳೆ ವ್ಯಾಪಾರ ಎಂದುಕೊಂಡು ಟಿಕೆಟನ್ನು ಮಂಗಳವಾರಕ್ಕೆ ಬದಲಾಯಿಸಿದೆ.

ಮೂಗಿನ ಕಡ್ಡಿ ಮಾತ್ರ ಶನಿವಾರದ್ದೇ.

ಹೊಸದಾಗಿ ಇನ್ನೊಮ್ಮೆ ಕೊಡಲಿಲ್ಲ ಯಾಕೆ ಎಂದು ಕೇಳುತ್ತೀರಿ. ರಿಪೋರ್ಟು ಭಾನುವಾರ ಮಧ್ಯಾಹ್ನ ಬಂತು. ಮೇಲೆ ದಪ್ಪಕ್ಷರದಲ್ಲಿ ಭಾನುವಾರದ ತಾರೀಖಿತ್ತು. ನಮ್ಮ ವ್ಯಾಪಾರದಲ್ಲಿ ಮಾಲಿಗೆ ಯಾವತ್ತು ಆರ್ಡರು ಹೇಳಿದ್ದು ಎಂದು ಯಾರೂ ನೋಡುವುದಿಲ್ಲ, ಬಿಲ್ಲು ಯಾವತ್ತು ಬರೆದದ್ದೋ ಅವತ್ತಿನಿಂದ ಲೆಕ್ಕ. ಭಾನುವಾರ ಮಧ್ಯಾಹ್ನದಿಂದ ಮಂಗಳವಾರ ಮಧ್ಯಾಹ್ನಕ್ಕೆ ನಲವತ್ತೆಂಟು ಗಂಟೆ. ವಿಮಾನ ಅದಕ್ಕೆ ಮುಂಚೆಯೇ ಇಳಿಯುತ್ತಿತ್ತು.

ಮಂಗಳವಾರ ಬೆಳಿಗ್ಗೆ ಬೆಂಗಳೂರಿನ ವಿಮಾನ ನಿಲ್ದಾಣದಿಂದ ಅಳಿಯನಿಗೆ ಫೋನು ಮಾಡಿದೆ. ಅವನು ಆಗಲೇ ಬೇರೆ ದ್ವೀಪಕ್ಕೆ ಹೊರಟು ದೋಣಿಯಲ್ಲಿದ್ದ.

"ಅತ್ತೆ, ನೀವು ಟೆಸ್ಟಿಗೆ ಕೊಟ್ಟಿದ್ದು ಶನಿವಾರ ಅಲ್ದಾ? ಅಲ್ಲೇ ಏರ್‌ಪೋರ್ಟಲ್ಲಿ ಬೇಗ ರಿಪೋರ್ಟ್ ಕೊಡೋ ಕೌಂಟರ್ ಇದ್ಯಂತೆ. ಎಂತಕ್ಕೂ ಇನ್ನೊಂದು ಮಾಡಿಸಿಬಿಡಿ."

"ರಿಪೋರ್ಟು ಭಾನುವಾರದ್ದು ಕಣಪ್ಪ."

"ಅದು ಪ್ರಿಂಟ್ ಆಗಿದ್ದು ಅತ್ತೆ. ಇಲ್ಲಿಯವರು ಯಾವುದನ್ನ ನೋಡ್ತಾರೆ ಅಂತ ಹೇಳಕ್ಕೆ ಬರದಿಲ್ಲ. ದುಡ್ಡಿನ ಮುಖ ನೋಡ್ಬೇಡಿ."

ಆ ಕೌಂಟರಿಗೆ ಹೋದೆ. ಅಡಿಯಿಂದ ಮುಡಿಯವರೆಗೆ ಪ್ಲಾಸ್ಟಿಕ್ ಹೊದ್ದ ಒಂದು ಹುಡುಗಿ ಕೂತಿದ್ದಳು. ಊರಿನಲ್ಲಿ ಬಿಟ್ಟಿಯಾಗಿ ಮಾಡಿದ ಕೆಲಸಕ್ಕೆ ಅಲ್ಲಿ ಸಾವಿರಗಟ್ಟಲೆ. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಏನಮ್ಮ, ಇಷ್ಟು ಹೇಳ್ತೀಯ? ಸ್ವಲ್ಪ ನೋಡಿ ಹೇಳು."

"ಫಿಕ್ಸೆಡ್ ರೇಟ್, ಮೇಡಂ."

"ನನ್ನ ಹತ್ರ ಒಂದು ನೆಗೆಟಿವ್ ಆಗಲೇ ಐತಿ. ಅದ್ರ ಮೇಲೆ ಇವತ್ತಿನ ಸೀಲು ಹಾಕ್ಕೊಡು, ಅರ್ಧ ಕೊಡ್ತೀನಿ."

ಅವಳಿಗೆ ನಗು ಬಂದಿರಬೇಕು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಸಣ್ಣದಾಯಿತು. "ಸೀಲ್ ಎಲ್ಲ ಹಾಕಕ್ಕಾಗಲ್ಲ ಮೇಡಂ. ಮಾಡಿಸ್ತೀರಾ? ಹಿಂದೆ ಕ್ಯೂ ಇದೆ."

"ಹಾಗಾದ್ರೆ ಬ್ಯಾಡ ಬಿಡು" ಎಂದು ಚೀಲ ಎತ್ತಿಕೊಂಡು ನಡೆದೆ. ನಿಧಾನವಾಗಿಯೇ ನಡೆದೆ, ಕರೆಯಲು ಅವಳಿಗೆ ಸಮಯ ಬೇಕಲ್ಲ. ಮೂರು ಹೆಜ್ಜೆ, ಐದು ಹೆಜ್ಜೆ, ಕಂಬದ ತನಕ. ಕಂಬದ ಹತ್ತಿರ ನಿಂತು ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ತಿರುಗಿ ನೋಡಿದರೆ, ನನ್ನ ಹಿಂದಿದ್ದ ಗಂಡಸು ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ಹಾಕಿದ್ದ. ಅವಳು ಅವನ ಮೂಗಿಗೆ ಕಡ್ಡಿ ಹಾಕುತ್ತಿದ್ದಳು. ವಾಪಸು ಹೋಗಿ ಅವಳು ಹೇಳಿದ ಬೆಲೆಗೇ ಮಾಡಿಸಿಕೊಳ್ಳಬಹುದಿತ್ತು. ಹೊತ್ತೂ ಇತ್ತು, ದುಡ್ಡೂ ಇತ್ತು. ಎದ್ದು ಬಂದ ಮೇಲೆ ನಾನಾಗಿ ವಾಪಸು ಹೋಗುವುದು ನನಗೆ ಅಭ್ಯಾಸವಿಲ್ಲ. ವಿಮಾನ ಹತ್ತುವಲ್ಲಿ ಪೇಪರು ನೋಡಿದವರು ಮೇಲಿನ ತಾರೀಖು ನೋಡಿ ಬಿಟ್ಟರು. ನೋಡಿದೆಯಾ, ದುಡ್ಡು ಉಳಿಯಿತು ಎಂದುಕೊಂಡೆ.

ದ್ವೀಪದಲ್ಲಿ ಇಳಿದಾಗ ಹನ್ನೊಂದು ಗಂಟೆ. ಮೇಜಿನ ಹಿಂದೆ ಒಬ್ಬ ಅಧಿಕಾರಿ. ಮಗಳಿಗಿಂತ ಎರಡು ಮೂರು ವರ್ಷ ದೊಡ್ಡವನಿರಬಹುದು. ಅವನು ಮೇಲಿನ ತಾರೀಖು ನೋಡಲೇ ಇಲ್ಲ. ಕೆಳಗೆ ಇರುವೆಯಂಥ ಅಕ್ಷರದಲ್ಲಿ ಮಾದರಿ ತೆಗೆದ ಹೊತ್ತು ಬರೆದಿತ್ತು. ಅದರ ಮೇಲೆ ಪೆನ್ನು ಇಟ್ಟ.

"ಶನಿವಾರ. ಅವಧಿ ಮೀರಿದೆ."

ನನಗೆ ಬರುವ ಹಿಂದಿ ಶಿಕಾರಿಪುರದ ಸಂತೆಯಲ್ಲಿ ಕಲಿತದ್ದು. ಅದರಲ್ಲೇ ಹೇಳಿದೆ, ಮಗಳಿಗೆ ದಿನ ತುಂಬಿದೆ, ಇನ್ನು ಹತ್ತು ದಿನ ಅಂತ ಡಾಕ್ಟರು ಹೇಳಿದಾರೆ, ಮನೇಲಿ ಯಾರೂ ಇಲ್ಲ. ಅವನು ಪಾಪ ಒರಟಾಗಿ ಮಾತಾಡಲಿಲ್ಲ. ಕಾಲಾವಧಿ ಮೀರಿದ ರಿಪೋರ್ಟು ತಂದವರಿಗೆ ಏಳು ದಿನ ಹೋಟೆಲ್ ಕ್ವಾರಂಟೈನು, ಖರ್ಚು ಅವರದೇ, ನಿಯಮ ಹಾಗಿದೆ ಎಂದ.

"ಇಲ್ಲೇ ಈಗ ಇನ್ನೊಂದು ಟೆಸ್ಟು ಮಾಡಿ ಸಾಹೇಬ್ರೆ. ಎಷ್ಟಾದ್ರೂ ಕೊಡ್ತೀನಿ."

"ಟೆಸ್ಟ್ ಮಾಡ್ತೀವಿ. ಆದರೂ ಏಳು ದಿನ."

"ನೆಗೆಟಿವ್ ಬಂದ್ರೆ?"

"ಬಂದರೂ."

"ಐದು ದಿನ ಮಾಡಿ. ಮೂರು? ಮಗಳ ಮನೇಲೇ ಒಂದು ಕೋಣೇಲಿ ಬಾಗಿಲು ಹಾಕ್ಕೊಂಡು ಕೂತಿರ್ತೀನಿ, ನೀವೇ ಬಂದು ಬೀಗ ಹಾಕಿ."

"ಮಾಜೀ, ಇದು ಬಜಾರ್ ಅಲ್ಲ."

ನಮ್ಮ ಜೊತೆಗೇ ಬಂದ ಹೊಸ ಮದುವೆಯ ಜೋಡಿಗಳು ಮೂರು ನಾಲ್ಕಿದ್ದವು. ಅವರೆಲ್ಲ ತಾಜಾ ಪೇಪರು ತೋರಿಸಿ ದಾಟಿದರು. ಹೊರಗೆ ಹೋದ ಕೂಡಲೇ ಮಾಸ್ಕು ಗದ್ದಕ್ಕಿಳಿಸಿ, ಬೋರ್ಡಿನ ಕೆಳಗೆ ತಬ್ಬಿಕೊಂಡು ಫೋಟೋ ತೆಗೆಸಿಕೊಂಡರು. ಸಮುದ್ರ ನೋಡಲು ಬಂದವರು ಒಳಗೆ, ಹೆರಿಗೆಗೆ ಬಂದವಳು ಹೋಟೆಲಿಗೆ ಒಯ್ಯುವ ವ್ಯಾನಿನಲ್ಲಿ. ಅವರ ತಪ್ಪೇನಿಲ್ಲ, ಗೊತ್ತು. ಆದರೂ ಆ ಗದ್ದದ ಮೇಲಿನ ಮಾಸ್ಕುಗಳನ್ನು ನಾನು ಮರೆತಿಲ್ಲ.

ಹೋಟೆಲಿನ ಕೋಣೆಯಲ್ಲಿ ಒಂದು ಮಂಚ, ಒಂದು ಟಿವಿ, ತೆಗೆಯಲು ಬಾರದ ಒಂದು ಕಿಟಕಿ. ಕಿಟಕಿಯಿಂದ ಅರ್ಧ ಸಮುದ್ರ ಕಾಣುತ್ತಿತ್ತು, ಅರ್ಧ ರಸ್ತೆ. ಊಟವನ್ನು ಬಾಗಿಲ ಹೊರಗೆ ಸ್ಟೂಲಿನ ಮೇಲಿಟ್ಟು ಬಡಿದು ಹೋಗುತ್ತಿದ್ದರು. ಮಗಳ ಕ್ವಾರ್ಟರ್ಸು ಅಲ್ಲಿಂದ ಎಷ್ಟು ದೂರ ಎಂದು ಊಟ ತರುವವನನ್ನು ಬಾಗಿಲ ಸಂದಿಯಿಂದ ಕೇಳಿದೆ. ಆಟೋದಲ್ಲಿ ಹತ್ತು ನಿಮಿಷ ಎಂದ. ಶಿಕಾರಿಪುರದಿಂದ ಅಷ್ಟು ದೂರ ಬಂದು ಆ ಹತ್ತು ನಿಮಿಷಕ್ಕೆ ಸಿಕ್ಕಿಹಾಕಿಕೊಂಡಿದ್ದೆ.

ಎರಡನೇ ದಿನ ಅಲ್ಲಿನ ಟೆಸ್ಟಿನ ರಿಪೋರ್ಟು ಬಂತು: ನೆಗೆಟಿವ್. ಅಧಿಕಾರಿಯ ನಂಬರಿಗೆ ಫೋನು ಮಾಡಿದೆ. "ಒಳ್ಳೆಯದು ಮಾಜೀ, ಇನ್ನು ಐದು ದಿನ" ಎಂದ. ರೋಗ ಇಲ್ಲವೆಂದು ಅವರದೇ ಕಾಗದ ಹೇಳುತ್ತಿದೆ, ಅವರದೇ ಇನ್ನೊಂದು ಕಾಗದ ಕೂತಿರು ಎನ್ನುತ್ತಿದೆ. ಇದಕ್ಕೆ ಅರ್ಥ ಹೇಳುವವರು ಯಾರಾದರೂ ಇದ್ದರೆ ನಮ್ಮ ಅಂಗಡಿಗೆ ಬಂದು ಹೇಳಲಿ, ಟೀ ಕುಡಿಸುತ್ತೇನೆ. ಚೀಲದಲ್ಲಿದ್ದ ಅಂಟಿನುಂಡೆ, ಖಾರ, ತುಪ್ಪವನ್ನಾದರೂ ಮಗಳಿಗೆ ಮುಟ್ಟಿಸಿ ಎಂದೆ. ಕ್ವಾರಂಟೈನ್ ಕೋಣೆಯೊಳಗೆ ಬಂದ ವಸ್ತು ಹೊರಗೆ ಹೋಗುವ ಹಾಗಿಲ್ಲವಂತೆ.

ಮಗಳಿಗೆ ಮಾತ್ರ ಸಮಾಧಾನ ಹೇಳುತ್ತಿದ್ದೆ. "ಡಾಕ್ಟರು ಹತ್ತು ದಿನ ಅಂದಾರ. ಏಳಕ್ಕೆ ಬಿಡ್ತಾರ. ಮೂರು ದಿನ ಇನ್ನೂ ಕೈಯಾಗೈತಿ."

"ಹೂಂ ಅವ್ವ" ಎನ್ನುತ್ತಿದ್ದಳು. "ಪಕ್ಕದ ಮನೆ ಅಕ್ಕ ಬಂದು ಹೋಗಿ ಮಾಡ್ತಾರೆ, ನೀ ಚಿಂತಿ ಮಾಡಬ್ಯಾಡ."

ನಾಲ್ಕನೇ ದಿನ ಬೆಳಿಗ್ಗೆ, ತಿಂಡಿಯ ಪೊಟ್ಟಣ ಬಿಚ್ಚುತ್ತಿದ್ದೆ, ಫೋನು ಬಂತು.

"ಅವ್ವಾ, ನೀರು ಹೋತು."

ಆ ದನಿಯನ್ನು ನಾನು ಬರೆಯಲಾರೆ. ಅಕ್ಕ ಆಟೋ ತರಲು ಹೋಗಿದ್ದಾರೆ ಎಂದಳು. ಅಳಿಯನ ಫೋನು ಸಿಗುತ್ತಿಲ್ಲ ಎಂದಳು. "ನೀ ಹೆಂಗಾರ ಮಾಡಿ ಬಾ ಅವ್ವ. ನೀ ಮಾತಾಡಿದ್ರ ಎಲ್ಲಾರೂ ಒಪ್ತಾರಲ್ಲ" ಎಂದಳು.

ಬಾಗಿಲು ತೆಗೆದು ಕೆಳಗಿಳಿದೆ. ಕಾವಲಿನವನು ಅಡ್ಡ ನಿಂತ. ಅವನನ್ನು ತಳ್ಳಿಕೊಂಡು ಹೋಗುತ್ತಿದ್ದೆನೇನೋ. ಅಷ್ಟರಲ್ಲಿ ಅವನೇ ಅಧಿಕಾರಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟ. ಆ ಪ್ಲಾಸ್ಟಿಕ್ ಬಟ್ಟೆ ಹಾಕಿಸಿ ಕಳಿಸಿ ಎಂದೆ. ಪೊಲೀಸರನ್ನು ಜೊತೆಗೆ ಕಳಿಸಿ ಎಂದೆ. ಒಳಗೆ ಹೋಗುವುದಿಲ್ಲ, ವಾರ್ಡಿನ ಬಾಗಿಲ ಹೊರಗೆ ನಿಂತು ಒಂದು ಸಲ ಕೂಗುತ್ತೇನೆ, ನಾನು ಬಂದಿದ್ದೇನೆ ಅಂತ ಅವಳಿಗೆ ಕೇಳಿದರೆ ಸಾಕು ಎಂದೆ.

"ಮಾಜೀ, ಆ ವಾರ್ಡಿನಲ್ಲಿ ನಿಮ್ಮ ಮಗಳ ಹಾಗೆ ಇನ್ನೂ ಹನ್ನೆರಡು ಜನ ಬಸುರಿಯರಿದ್ದಾರೆ. ಒಬ್ಬರನ್ನ ಬಿಟ್ಟರೆ ಎಲ್ಲರ ಮನೆಯವರನ್ನೂ ಬಿಡಬೇಕು. ನಾನು ಯಾರನ್ನ ಬಿಡಲಿ?"

ಫೋನನ್ನು ಕಾವಲಿನವನ ಕೈಗೆ ವಾಪಸು ಕೊಟ್ಟೆ. ಅವನು ತಪ್ಪು ಮಾತಾಡಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು.

ಕೋಣೆಗೆ ವಾಪಸು ಬಂದು ಮಂಚದ ತುದಿಯಲ್ಲಿ ಕೂತೆ. ಪಕ್ಕದ ಮನೆಯ ಅಕ್ಕ ತಮಿಳಿನವರು. ಆಸ್ಪತ್ರೆಯಿಂದ ಫೋನು ಮಾಡಿ ಅದನ್ನು ಮಗಳ ಕಿವಿಯ ಹತ್ತಿರ ಹಿಡಿದರು. "ಉಸ್ರು ಬಿಡು, ಉಸ್ರು ಹಿಡೀಬ್ಯಾಡ" ಎಂದು ಎರಡು ಸಲ ಹೇಳಿದೆನೋ ಇಲ್ಲವೋ, ಫೋನು ಆಫ್ ಮಾಡಿ ಎಂದು ಯಾವಳೋ ನರ್ಸು ಗದರಿದ್ದು ಕೇಳಿತು, ಅಷ್ಟೇ. ಎರಡೂವರೆ ಗಂಟೆಯ ನಂತರ ಅಕ್ಕನ ದನಿ: "ಪೊಣ್ಣು, ಅಮ್ಮಾ! ಹೆಣ್ ಮಗು! ಎರಡು ಪೇರೂ ನಲ್ಲಾ, ಚೆನ್ನಾಗಿ ಇದಾರೆ!" ನಾನು ಆ ಹೆಂಗಸಿಗೆ ಕೃತಜ್ಞತೆ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಮೊದಲು ಯಾರು ಎತ್ಕೊಂಡ್ರು?" ಎನ್ನುವ ಮಾತು. ಅವರಿಗೆ ಅರ್ಥವಾಗಲಿಲ್ಲ. ಒಳ್ಳೆಯದೇ ಆಯಿತು.

ಎಂಟನೇ ದಿನ ನನ್ನನ್ನು ಬಿಟ್ಟರು. ಆಟೋದಲ್ಲಿ ಹತ್ತು ನಿಮಿಷವೂ ಆಗಲಿಲ್ಲ.

ಮನೆಯ ಹಿಂದಿನ ಕಲ್ಲಿನ ಮೇಲೆ ಅಕ್ಕ ಕಾಲು ಚಾಚಿ ಕೂತು ಕೂಸಿಗೆ ನೀರು ಎರೆಯುತ್ತಿದ್ದರು. ಕೂಸು ಅವರ ಕಾಲಿನ ಮೇಲೆ ಅಳದೆ ಮಲಗಿತ್ತು. ಮಗಳು ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ನನ್ನನ್ನು ಕಂಡು ನಕ್ಕಳು. ಓಡಿಬಂದು ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. "ಬಂದ್ಯಾ ಅವ್ವ? ಕೈಕಾಲು ತೊಳ್ಕ" ಎಂದಳು. "ನಾನು ಎರೀತೀನಿ ಕೊಡ್ರಿ" ಎಂದು ಸೆರಗು ಸಿಕ್ಕಿಸಿದೆ. ಕೂಸನ್ನು ನನ್ನ ಕಾಲಿನ ಮೇಲೆ ಹಾಕಿಕೊಂಡ ಕೂಡಲೇ ಅದು ನೀಲಿಗಟ್ಟುವ ಹಾಗೆ ಕಿರುಚಿತು. "ಬಿಡವ್ವ, ಅದಕ್ಕ ಅಕ್ಕನ ಕೈ ರೂಢಿ ಆಗೇತಿ" ಎಂದಳು ಮಗಳು. ಕೂಸನ್ನು ಅಕ್ಕನಿಗೆ ವಾಪಸು ಕೊಟ್ಟು, ಟವೆಲು ಹಿಡಿದು ಪಕ್ಕಕ್ಕೆ ನಿಂತೆ.

ಒಲೆಯ ಮೇಲೆ ಒಂದು ಪಾತ್ರೆಯಿತ್ತು. ಮುಚ್ಚಳ ತೆಗೆದೆ. ಮೀನಿನ ಸಾರು. ನಮ್ಮದು ಲಿಂಗ ಕಟ್ಟುವ ಮನೆ; ಮೊಟ್ಟೆಯೂ ಹೊಸಿಲು ದಾಟಿದ್ದಿಲ್ಲ. ಮಗಳ ಮುಖ ನೋಡಿದೆ.

"ಹಾಲು ಬರ್ತಿರ್ಲಿಲ್ಲ ಅವ್ವ. ಈ ಮೀನು ತಿಂದ್ರೆ ಬರ್ತತಿ ಅಂತ ಅಕ್ಕ ಮಾಡ್ಕೊಟ್ರು."

"ನನಗೆ ಒಂದು ಮಾತು ಕೇಳಬಾರ್ದಾಗಿತ್ತಾ?"

"ಕೇಳಿದ್ರ ನೀ ಅಂಟಿನುಂಡಿ ತಿನ್ನು ಅಂತಿದ್ದಿ. ಅಂಟಿನುಂಡಿ ಎಲ್ಲಿತ್ತು? ನಿನ್ನ ಕೋಣ್ಯಾಗಿತ್ತು." ಮತ್ತೆ ಅವಳೇ ಹೇಳಿದಳು, "ನಮ್ಮನೆಯವ್ರು ಹೇಳಿದ್ರಲ್ಲ, ಏರ್‌ಪೋರ್ಟಾಗ ಇನ್ನೊಂದು ಟೆಸ್ಟ್ ಮಾಡಸ್ರಿ ಅಂತ. ಮಾಡಿಸ್ಬೇಕಿತ್ತು ಅವ್ವ ನೀನು."

ಅಷ್ಟೇ ಹೇಳಿದ್ದು. ದನಿ ಏರಿಸಲಿಲ್ಲ. ನಾನು ಪಾತ್ರೆಯ ಮುಚ್ಚಳ ಮುಚ್ಚಿದೆ. ಊರಿಂದ ಅತ್ತೆ ಫೋನು ಮಾಡಿ "ಖಾರ ತಿಂತಾಳೇನು?" ಎಂದಾಗ, "ಚೆನ್ನಾಗಿ ತಿಂತಾಳೆ" ಎಂದೆ.

ನಾನು ವಾಪಸು ಬಂದ ಕೆಲವು ತಿಂಗಳಿಗೆ ಆ ನಿಯಮ ಹೋಯಿತು. ಯಾರೂ ಡಂಗುರ ಹೊಡೆಸಲಿಲ್ಲ. ಒಂದು ದಿನ ಇತ್ತು, ಇನ್ನೊಂದು ದಿನ ಇರಲಿಲ್ಲ. ಈಗ ಆಧಾರ್ ಕಾರ್ಡು ತೋರಿಸಿದರೆ ಯಾರು ಬೇಕಾದರೂ ಹೋಗಿ ಬರಬಹುದು. ದೂರದಲ್ಲಿ ಮಗಳಿರುವ ತಾಯಂದಿರಿಗೆ ನಾನು ಹೇಳುವುದಿಷ್ಟು: ಸರ್ಕಾರದ ಕಾಗದ ಕೈಗೆ ಬಂದರೆ ಮೊದಲು ಕೆಳಗಿನ ಸಣ್ಣ ಅಕ್ಷರ ಓದಿ. ಫಿಕ್ಸೆಡ್ ಎಂದು ಬೋರ್ಡು ಹಾಕಿದ ಕಡೆ, ನಿಮಗೆ ಅವಸರವಿದ್ದಾಗ, ದುಡ್ಡು ಬಿಸಾಕಿ ಮುಂದಕ್ಕೆ ಹೋಗಿ. ಉಳಿಸಿದ ದುಡ್ಡನ್ನು ಆಮೇಲೆ ಯಾರ ಕೈಗೆ ಕೊಟ್ಟರೂ ಹೋದ ದಿನ ವಾಪಸು ಬರುವುದಿಲ್ಲ.

ಮಗಳು ಈಗ ಮತ್ತೆ ಬಸುರಿ. ಹೋದ ವಾರ ಫೋನು ಮಾಡಿದ್ದಳು.

"ಈ ಸಲ ಏಳನೇ ತಿಂಗಳಿಗೆ ಬಂದು ಕರ್ಕೊಂಡು ಹೋಗ್ತೀನಿ" ಎಂದೆ.

"ಬ್ಯಾಡವ್ವ. ಇಲ್ಲೇ ಮಾಡ್ಕೊಂತೀನಿ. ಅಕ್ಕ ಅದಾರೆ. ದೊಡ್ಡದೂ ಅವರಿಗೇ ಹೊಂದ್ಕೊಂಡತಿ."

"ಹಾಗಾದ್ರ ನಾನೇ ಬರ್ತೀನಿ. ಮೂರು ತಿಂಗಳು ಇರ್ತೀನಿ."

"ಮೂರು ತಿಂಗಳು ಅಂಗಡಿ ಬಿಟ್ಟು? ಸುಮ್ನಿರವ್ವ."

"ಎರಡು."

"ಮನಿ ಸಣ್ಣದು."

"ಒಂದು ತಿಂಗಳು. ಅಡುಗಿಮನ್ಯಾಗ ಮಲಗ್ತೀನಿ."

ಆ ಕಡೆ ಕೂಸು ಏನೋ ಕೇಳುತ್ತಿತ್ತು, ಅರ್ಧ ತಮಿಳು, ಅರ್ಧ ಹಿಂದಿ. ಮಗಳು ಅದಕ್ಕೆ ಉತ್ತರ ಕೊಟ್ಟು ಫೋನಿಗೆ ಬಂದಳು. "ಹದಿನೈದು ದಿನ ಬಾ ಅವ್ವ. ಹೆರಿಗಿ ಆದ ಮ್ಯಾಲೆ ಬಾ. ಹೇಳಿ ಕಳಸ್ತೀನಿ."

"ಆತು" ಎಂದೆ. ಅದಕ್ಕಿಂತ ಹೆಚ್ಚು ಕೇಳಲಿಲ್ಲ.